ನಿಂತ ಬಸ್ಸು, ಖಂಡೇನವಮಿಯ ನಿಂಬೆಹಣ್ಣು

ಓಡುವ ಮೋಟಾರಿಗೆ ವಿಮೆ ಮಾಡಿಸುವುದು ದೊಡ್ಡ ಮಾತಲ್ಲ. ನಿಂತ ಮೋಟಾರಿಗೆ ಮಾಡಿಸಿ ನೋಡಿ, ಆಗ ನಿಮ್ಮ ನಾಲಗೆಯ ಶಕ್ತಿ ಎಷ್ಟೆಂದು ತಿಳಿಯುತ್ತದೆ. ನಾನು ಹೊಟ್ಟೆ ಹೊರೆದದ್ದು ಈ ಎರಡನೆಯ ಕೆಲಸದಿಂದ. ಈಗ ತಂಗಿಯ ಮೊಮ್ಮಗಳು ವಿಮಾ ಕಚೇರಿಯೊಂದಕ್ಕೆ ಸೇರಿದ್ದಾಳೆ. "ಅಜ್ಜಾ, ನಿನ್ನ ಕಾಲದಾಗ ಕೆಲಸ ಹೆಂಗಿತ್ತು, ಬರದು ಕೊಡು" ಎಂದು ಬೆನ್ನು ಬಿದ್ದಿದ್ದಾಳೆ. ಬಡ್ತಿಯ ವಿಷಯ ಬರೆಯೋಣವೆಂದರೆ ನನಗೆ ಸಿಕ್ಕದ್ದು ಕಡಿಮೆ, ಸಿಕ್ಕಾಗಲೂ ಸೈಕಲ್ಲು ಅದೇ ಇತ್ತು. ಆದ್ದರಿಂದ ಕೆಲಸದ ಮಾತನ್ನೇ ಬರೆಯುತ್ತೇನೆ.

ನಮ್ಮದು ಆಗ ನಿಜಾಮರ ಸೀಮೆ, ಗದಗ ಬ್ರಿಟಿಷರದು. ಕೊಪ್ಪಳ, ಕುಕನೂರು ಕಡೆಯ ಬಸ್ಸು, ಲಾರಿ ಗದಗಿಗೆ ಹೋಗಬೇಕಾದರೆ ಗಡಿ ದಾಟಬೇಕು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಬ್ರಿಟಿಷರ ಕಡೆ ವಿಮೆ ಕಡ್ಡಾಯವಾಯಿತು. ಗಾಡಿಯಿಂದ ಬೇರೊಬ್ಬರಿಗೆ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಹೊತ್ತ ಕಂಪನಿಯೊಂದು ಇರಲೇಬೇಕು ಎಂಬುದು ಅದರ ಸಾರ. ಗಡಿ ದಾಟುವ ಪರವಾನಗಿ ಕೈಯಲ್ಲಿ ಉಳಿಯಬೇಕಾದರೆ ವಿಮೆ ನಡುವೆ ತಪ್ಪಬಾರದು. ಗಾಡಿ ಓಡುತ್ತಿರಲಿ, ಮನೆಯ ಹಿತ್ತಲಲ್ಲಿ ನಿಂತಿರಲಿ.

ನಿಂತ ಗಾಡಿಗಳೇನು ಒಂದೆರಡೇ? ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿದ್ದ ಕಾಲ. ಯುದ್ಧ ಮುಗಿದರೂ ಕೂಪನ್ನು ಮುಗಿಯಲಿಲ್ಲ. ಕೂಪನ್ನು ಸಿಕ್ಕವರ ಗಾಡಿ ರಸ್ತೆಯ ಮೇಲೆ, ಸಿಗದವರದು ಬೇವಿನ ಮರದ ಕೆಳಗೆ. ಅಂಥವರಿಗಾಗಿ ನಮ್ಮ ಕಂಪನಿ ಕಡಿಮೆ ದರದ ವಿಮೆ ಇಟ್ಟಿತ್ತು. ಅದಕ್ಕೆ ಷರತ್ತುಗಳಿದ್ದವು. ಗಾಡಿಯನ್ನು ಕಲ್ಲುಗಳ ಮೇಲೆ ಎತ್ತಿ ಗಾಲಿ ನೆಲಕ್ಕೆ ತಾಗದಂತೆ ಇಡಬೇಕು. ಏಜಂಟ ಬಂದು ಬಾಗಿಲಿಗೆ ಮುದ್ರೆ ಒತ್ತಬೇಕು. ಕೆಳಗಿಳಿಸುವ ಮೊದಲು ಕಂಪನಿಗೆ ತಿಳಿಸಬೇಕು. ಆ ಏಜಂಟ ನಾನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಅಷ್ಟೂ ನನ್ನ ಸೈಕಲ್ಲಿನ ರಾಜ್ಯ.

ಜನ ಏನು ಕಡಿಮೆ ಗೇಲಿ ಮಾಡಿದರೇ? ಗಂಗಾವತಿಯಲ್ಲಿ ಒಬ್ಬ ಭತ್ತದ ವ್ಯಾಪಾರಿ, "ಏಜಂಟ್ರ, ನಮ್ಮ ಮುತ್ಯಾ ಕಟ್ಟಿ ಮ್ಯಾಲೆ ಕುಂತು ಭಾಳ ವರ್ಷ ಆತು, ಅವನೂ ಓಡೂದಿಲ್ಲ, ಅವನಿಗೂ ಒಂದು ವಿಮಾ ಮಾಡ್ರಿ" ಎಂದ. ಕಟ್ಟೆಯ ಮೇಲಿನ ಮುತ್ಯಾ ಅದನ್ನು ಕೇಳಿಸಿಕೊಂಡು ಕೋಲು ಎತ್ತಿದ. ಮುತ್ಯಾನ ಓಟ ಆ ಹೊತ್ತು ನಾವಿಬ್ಬರೂ ಕಂಡೆವು.

ನಿಂತಿದೆ ಎಂದು ಬರೆದುಕೊಟ್ಟ ಗಾಡಿ ನಿಜವಾಗಿ ನಿಂತಿದೆಯೋ ಇಲ್ಲವೋ ಎಂದು ನೋಡುವುದೂ ನನ್ನ ಕೆಲಸವೇ. ಯಾರನ್ನೂ ಕೇಳಬಾರದು, ಗಾಡಿಯನ್ನೇ ಕೇಳಬೇಕು. ಅದರ ಮೂತಿಯ ಮೇಲೆ ಕೈ ಇಟ್ಟರೆ ಬಿಸಿ ಇದೆಯೋ ಇಲ್ಲವೋ ತಿಳಿಯುತ್ತದೆ. ಗಾಲಿಯ ಹತ್ತಿರದ ಹುಲ್ಲು, ಬಾಗಿಲ ಸಂದಿಯ ಜೇಡರ ಬಲೆ, ಎಲ್ಲವೂ ಮಾತಾಡುತ್ತವೆ. ಎಲ್ಲಕ್ಕಿಂತ ನಂಬಿಗಸ್ತ ಸಾಕ್ಷಿ ಆಡು. ಓಡಾಡುವ ಗಾಡಿಯ ಕೆಳಗೆ ಆಡು ಮಲಗುವುದಿಲ್ಲ. ಈ ಗುಟ್ಟು ಹೇಗೋ ಕುಷ್ಟಗಿಯ ಒಬ್ಬ ಲಾರಿಯವನಿಗೆ ತಿಳಿದು, ನಾನು ಬರುವ ಸುದ್ದಿ ಸಿಕ್ಕ ಕೂಡಲೇ ಲಾರಿಯ ಕೆಳಗೆ ಆಡು ಕಟ್ಟಿ ಹಾಕಿದ್ದ. ಆಡೇನೋ ಇತ್ತು. ಆದರೆ ನೆಲದ ಮೇಲೆ ಒಂದು ಹಿಕ್ಕೆಯೂ ಇರಲಿಲ್ಲ. "ಇದೇನಪಾ, ನಿನ್ನ ಆಡು ಉಪವಾಸದ ವ್ರತ ಹಿಡದೈತೇನು?" ಎಂದೆ. ಅವನೂ ನಕ್ಕ, ಪೂರ್ತಿ ದರ ಕಟ್ಟಲು ಒಪ್ಪಿದ.

ನನ್ನ ಫಜೀತಿಯನ್ನೂ ಒಂದು ಹೇಳಿಬಿಡುತ್ತೇನೆ. ಕನಕಗಿರಿಯಲ್ಲಿ ಒಂದು ಹಳೇ ಕಾರಿಗೆ ಗಡಿಬಿಡಿಯಲ್ಲಿ ಮುದ್ರೆ ಒತ್ತಿ ಹೊರಟಿದ್ದೆ. ಸಂತೆಯ ಬಯಲು ದಾಟುವಷ್ಟರಲ್ಲಿ ಆ ಮನೆಯ ಅಜ್ಜಿ, "ಏ ಏಜಂಟಾ, ನಿಂದ್ರೋ, ನನ್ನ ಕೋಳಿಗೆ ಜೇಲು ಹಾಕಿಯಲ್ಲೋ!" ಎಂದು ಕೂಗುತ್ತ ಬೆನ್ನು ಹತ್ತಿದಳು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಮುದ್ರೆ ಒಡೆದು, ಕೋಳಿಯನ್ನು ತತ್ತಿಗಳ ಸಮೇತ ಬುಟ್ಟಿಗೆ ದಾಟಿಸಿ ಮತ್ತೆ ಮುದ್ರೆ ಒತ್ತಿದೆ. ಸಂತೆಯ ಜನರೆಲ್ಲ ಅಜ್ಜಿಯ ಕಡೆಗೇ ಇದ್ದರು.

ಇಷ್ಟೆಲ್ಲ ಮಾಡುತ್ತಿದ್ದರೂ ನಿಂತ ಗಾಡಿಗೆ ವಿಮೆ ಯಾಕೆ ಬೇಕು ಎಂಬುದು ನನಗೇ ಸರಿಯಾಗಿ ಅರ್ಥವಾಗಿರಲಿಲ್ಲ. ಕಾಯಿದೆ ಹೇಳುತ್ತದೆ, ನಾವು ಹೇಳುತ್ತೇವೆ, ಅಷ್ಟೇ. ಅದನ್ನು ಅರ್ಥ ಮಾಡಿಸಿದ್ದು ಕುಕನೂರಿನ ಒಂದು ಬಸ್ಸು.

ಆ ಬಸ್ಸು ನೀಲಮ್ಮನವರದು. ಅವರ ಗಂಡ ಒಕ್ಕಲುತನ ಬಿಟ್ಟು, ಇದ್ದ ಹೊಲ ಮಾರಿ ಬಸ್ಸು ಕೊಂಡವರು. ಕುಕನೂರು-ಗದಗ ಓಡಿಸುತ್ತಿದ್ದರು. ಯುದ್ಧದ ನಡುವೆ ಕಾಯಿಲೆ ಬಿದ್ದು ತೀರಿಕೊಂಡರು. ಕೂಪನ್ನು ನಿಂತಿತು, ಬಸ್ಸೂ ನಿಂತಿತು. ಕೊಳ್ಳುತ್ತೇವೆಂದು ಬಂದವರನ್ನೆಲ್ಲ ನೀಲಮ್ಮ ತಿರುಗಿ ಕಳಿಸಿದ್ದರು. ಪೆಟ್ರೋಲು ಸಿಕ್ಕ ದಿನ ಬಸ್ಸು ಮತ್ತೆ ಗದಗಿಗೆ ಹೋಗಬೇಕು, ಅದೊಂದೇ ಅವರ ಆಸೆ. ಅದಕ್ಕಾಗಿ ಪರವಾನಗಿ ಉಳಿಸಿಕೊಂಡಿದ್ದರು, ಪರವಾನಗಿಗಾಗಿ ನನ್ನ ವಿಮೆ ತೆಗೆದುಕೊಂಡಿದ್ದರು. ಮೊದಲ ಸಲ ಮಾತಾಡಿದಾಗ ಅವರ ಮೈದುನ ಚನ್ನಬಸಪ್ಪ ಅಡ್ಡ ಬಂದಿದ್ದ. "ಅತ್ತಿಗಿ, ಗೂಟಕ್ಕ ಕಟ್ಟಿದ ಎತ್ತು ಯಾರನ್ನ ಹಾಯತೈತಿ? ಸುಮ್ನ ಕಂಪನಿ ಹೊಟ್ಟಿ ತುಂಬಸ್ಬ್ಯಾಡ್ರಿ" ಎಂದಿದ್ದ. ನೀಲಮ್ಮ, "ಅವರು ಇದ್ದಿದ್ರ ಕಾಯಿದೆ ಬಿಟ್ಟು ನಡೀತಿದ್ದಿಲ್ಲ ತಮ್ಮಾ" ಎಂದು ಸಹಿ ಹಾಕಿದ್ದರು. ಬಸ್ಸನ್ನು ಕಲ್ಲಿನ ಮೇಲೆ ಏರಿಸಿ, ನಾನು ಮುದ್ರೆ ಒತ್ತಿ ಬಂದಿದ್ದೆ.

ಮುಂದೆ ಆದದ್ದು ಖಂಡೇನವಮಿಯ ದಿನ. ನಮ್ಮಲ್ಲಿ ಅಂದು ಕೂರಿಗೆ, ಕುಂಟೆ, ತಕ್ಕಡಿ, ಹೊಲಿಗೆ ಯಂತ್ರ, ಅನ್ನ ಕೊಡುವ ಎಲ್ಲ ಸಾಮಾನಿಗೂ ಪೂಜೆ. ಮೋಟಾರಿಗೆ ಪೂಜೆ ಮಾಡಿ ಅಲ್ಲೇ ಬಿಟ್ಟರೆ ನಡೆಯುವುದಿಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಅದರ ಮೇಲೆ ಒಂದಿಷ್ಟು ಉರುಳಿಸಲೇಬೇಕು. ಉರುಳಿಸದಿದ್ದರೆ ಗಾಡಿ ವರ್ಷವಿಡೀ ನಿಂತೇ ಇರುತ್ತದೆ ಎಂದು ನಂಬಿಕೆ. ನೀಲಮ್ಮನವರ ಬಸ್ಸು ಕಲ್ಲಿನ ಮೇಲೆ ಏರಿದ ಮೇಲೆ ನಿಂಬೆಹಣ್ಣು ಕಂಡಿರಲಿಲ್ಲ. ಕೂಪನ್ನಿಗೆ ಅರ್ಜಿ ಹಾಕಿದಾಗಲೆಲ್ಲ ಇಲ್ಲವೆಂಬ ಉತ್ತರ. ಹಬ್ಬದಲ್ಲಿ ಗಾಲಿ ಉರುಳಿಸದ್ದಕ್ಕೇ ಹೀಗಾಗುತ್ತಿದೆ ಎಂದು ಅವರ ಮನಸ್ಸಿಗೆ ಹತ್ತಿಬಿಟ್ಟಿತು. ಆ ವರ್ಷ ಓಣಿಯ ಗಂಡಾಳುಗಳನ್ನು ಕರೆಸಿ ಬಸ್ಸನ್ನು ಕಲ್ಲಿನಿಂದ ಕೆಳಗಿಳಿಸಿದರು. ನನಗೆ ತಿಳಿಸಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ. ದೇವರ ಕೆಲಸಕ್ಕೆ ಕಂಪನಿಯನ್ನು ಯಾರು ಕೇಳುತ್ತಾರೆ?

ಹಿತ್ತಲಿನ ನೆಲ ಹಿಂದಿನ ಗೋಡೆಯ ಕಡೆಗೆ ಇಳಿಜಾರು. ಪೂಜೆಯಾಯಿತು, ಕಾಯಿ ಒಡೆಯಿತು, ಜನ ಬಸ್ಸನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. ನಿಂಬೆಹಣ್ಣು ಒಡೆಯಿತು. ಆದರೆ ಬಸ್ಸು ಅಲ್ಲಿಗೆ ನಿಲ್ಲಲಿಲ್ಲ. ಮುದ್ರೆಯ ಬಾಗಿಲು ತೆಗೆಯದೆ ಕಿಟಕಿಯಿಂದ ಒಳಗಿಳಿದು ಕೂತವನು ತುಳಿದ ಬ್ರೇಕು ತುಕ್ಕು ಹಿಡಿದು ಸತ್ತಿತ್ತು. ಬಸ್ಸು ಮಣ್ಣಿನ ಗೋಡೆಗೆ ಹಾಯ್ದು ಗೋಡೆಯನ್ನು ಆಚೆ ಕೆಡವಿತು.

ಗೋಡೆಯ ಆಚೆ ನೆರಳಿನಲ್ಲಿ ಈರಪ್ಪ ಕೂತಿದ್ದ. ಕುಕನೂರಿನ ಪೇಟೆಯಲ್ಲಿ ಚೀಲ ಹೊರುವ ಹಮಾಲ. ಬೆಳಿಗ್ಗೆ ಪೂಜೆಗೆ ಬಾಳೆಕಂಬ ತಂದುಕೊಟ್ಟವನು ಅವನೇ. ನೀಲಮ್ಮನವರೇ ಎಲೆಯಲ್ಲಿ ಹೋಳಿಗೆ ಹಾಕಿ, "ನೆಳ್ಳಾಗ ಕುಂತು ಉಣ್ಣಪಾ" ಎಂದು ಅಲ್ಲಿಗೆ ಕಳಿಸಿದ್ದರು. ಗೋಡೆ ಅವನ ಬಲಗಾಲಿನ ಮೇಲೆ ಬಿತ್ತು.

ನನಗೆ ಸುದ್ದಿ ಮುಟ್ಟಿ ಕೊಪ್ಪಳದಿಂದ ಓಡಿ ಬರುವಷ್ಟರಲ್ಲಿ ಈರಪ್ಪನನ್ನು ಚಕ್ಕಡಿಯಲ್ಲಿ ಬನ್ನಿಕೊಪ್ಪದ ಸ್ಟೇಷನ್ನಿಗೆ ಒಯ್ದು, ರೈಲಿನಲ್ಲಿ ಗದಗಿನ ದವಾಖಾನೆಗೆ ಸಾಗಿಸಿದ್ದರು. ಕಾಲು ತೆಗೆಯದೆ ಉಳಿಸಬಹುದು, ಆದರೆ ಬಹಳ ಕಾಲ ಅಲ್ಲೇ ಇರಿಸಿ ಆರೈಕೆ ಮಾಡಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಹಮಾಲನ ಕಾಲು ಹೋದರೆ ಅವನ ಮನೆಯೇ ಹೋದಂತೆ. ಕಂಪನಿ ಹೊಣೆ ಹೊತ್ತರೆ ಈರಪ್ಪನ ಆರೈಕೆ ಆಗುತ್ತದೆ. ಹೊರದಿದ್ದರೆ ನೀಲಮ್ಮ ಬಸ್ಸು ಮಾರಬೇಕು, ಮಾರಿದರೂ ಆ ನಿಂತ ಬಸ್ಸಿಗೆ ಯಾರು ಏನು ಕೊಡುತ್ತಾರೆ?

ಷರತ್ತು ಮುರಿದಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಕಲ್ಲಿನಿಂದ ಇಳಿಸಿದ್ದರು, ನಮಗೆ ತಿಳಿಸಿರಲಿಲ್ಲ. ಹುಬ್ಬಳ್ಳಿಯ ನಮ್ಮ ಸಾಹೇಬರಿಗೆ ತಂತಿ ಕೊಟ್ಟೆ. ತೀರ್ಮಾನ ಅವರದು. ಅವರ ಹೆಸರು ಖಾದರ್ ಸಾಹೇಬರು. ಮಾತು ಕಡಿಮೆ, ಸಿಟ್ಟು ಬೇಗ. ಕಾಗದದಲ್ಲಿ ಒಂದು ಕಡೆ ಶಾಯಿ ಚೆಲ್ಲಿದ್ದರೂ ಮರಳಿ ಬರೆಸುವವರು. ತಾವೇ ಬಂದು ನೋಡುತ್ತೇನೆಂದು ತಿಳಿಸಿದರು.

ಅವರು ಬರುವ ಬೆಳಿಗ್ಗೆ ಚನ್ನಬಸಪ್ಪ ಓಣಿಯವರನ್ನು ಹಿತ್ತಲಲ್ಲಿ ಸೇರಿಸಿದ್ದ. ನನ್ನನ್ನು ಬದಿಗೆ ಕರೆದು, "ಏಜಂಟ್ರ, ನೀವು ಹಬ್ಬದ ದಿನ ಇಲ್ಲಿದ್ದಿಲ್ಲ, ನಿಮಗ ಏನೂ ಗೊತ್ತಿಲ್ಲ. ಗಾಡಿ ಯಾರೂ ಇಳಿಸಿಲ್ಲ. ಕಲ್ಲು ಜಾರ್ಯಾವ, ಗಾಡಿ ತಾನ ಹಿಂದಕ ಹೋಗೇತಿ. ಎಲ್ಲಾರೂ ಇದನ್ನ ಹೇಳತಾರ" ಎಂದ. ಈರಪ್ಪನ ಹೆಂಡತಿ ಹುಲಿಗೆವ್ವಳೂ ಅಲ್ಲಿದ್ದಳು. "ಹೆಂಗರ ಆಗಲಿ ಯಪ್ಪಾ, ನನ್ನ ಗಂಡನ ಕಾಲು ಉಳೀಲಿ" ಎಂದು ಸೆರಗೊಡ್ಡಿ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ಚನ್ನಬಸಪ್ಪನಿಗೆ ನಾನು ಏನೂ ಅನ್ನಲಾಗಲಿಲ್ಲ. ಆ ಮನುಷ್ಯ ಅತ್ತಿಗೆಯ ಬಸ್ಸನ್ನೂ ಬಡವನ ಕಾಲನ್ನೂ ಉಳಿಸಲು ಹೆಣಗುತ್ತಿದ್ದ.

ಖಾದರ್ ಸಾಹೇಬರು ಬನ್ನಿಕೊಪ್ಪದಿಂದ ಟಾಂಗಾದಲ್ಲಿ ಬಂದಿಳಿದರು. ಯಾರಿಗೂ ನಮಸ್ಕಾರ ಕೂಡ ಹೇಳದೆ ಹಿತ್ತಲನ್ನು ಸುತ್ತಿದರು. ಬಿದ್ದ ಗೋಡೆ ನೋಡಿದರು, ಬಸ್ಸಿನ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಬೇವಿನ ಮರದ ಕೆಳಗೆ ಹಾಕಿದ್ದ ಕುರ್ಚಿಯಲ್ಲಿ ಕೂತರು.

"ಗಾಡಿ ಯಾರದು?"

"ನಂದ್ರಿ" ಎಂದು ನೀಲಮ್ಮ ಮುಂದೆ ಬಂದರು.

"ಏನಾತು, ನೀವ ಹೇಳ್ರಿ."

ಚನ್ನಬಸಪ್ಪ ಬಾಯಿ ತೆರೆದ. ಸಾಹೇಬರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ನೀಲಮ್ಮ ಮೊದಲು ಹುಲಿಗೆವ್ವಳ ಕಡೆ ನೋಡಿದರು, ಆಮೇಲೆ ಬಸ್ಸಿನ ಕಡೆ. ಬಸ್ಸಿನ ಮೂತಿಯ ಮೇಲಿನ ಹಾರ ಒಣಗಿ ಹಾಗೇ ಇತ್ತು.

"ಸಾಹೇಬ್ರ, ಕಲ್ಲು ಜಾರಲಿಲ್ರಿ. ಗಾಡಿ ಇಳಿಸಾಕ ಹಚ್ಚಿದಾಕಿ ನಾನು. ನಿಂಬಿಹಣ್ಣಿನ ಮ್ಯಾಲೆ ಗಾಲಿ ಉರುಳಿಸಬೇಕಂತ ತಳ್ಳಾಕ ಹೇಳಿದಾಕೀನೂ ನಾನ. ಗ್ವಾಡಿ ಹಿಂದ ಈರಪ್ಪನ್ನ ಕುಂದರಿಸಿದಾಕೀನೂ ನಾನ. ಈ ಓಣ್ಯಾಗ ಯಾರದೂ ತಪ್ಪಿಲ್ಲ. ನನ್ನ ಗಾಡಿ ಹೋದ್ರ ಹೋಗಲಿ, ಆ ಹುಡುಗನ ಕಾಲಿಗೆ ಏನರ ಮಾಡ್ರಿ."

ಚನ್ನಬಸಪ್ಪ ಹಣೆ ಹಣೆ ಬಡಿದುಕೊಂಡ. ಹುಲಿಗೆವ್ವ ಅಲ್ಲೇ ನೆಲಕ್ಕೆ ಕುಸಿದಳು. ಎಲ್ಲ ಮುಗಿಯಿತು ಎಂದುಕೊಂಡು ನಾನು ಸಾಹೇಬರ ಮುಖ ನೋಡದೆ ನಿಂತೆ.

ಸಾಹೇಬರು, "ನಿಂಬಿಹಣ್ಣು ಎಲ್ಲಿ?" ಎಂದರು. ಯಾರೋ ಹಿತ್ತಲಿನ ನಡುವೆ ಬೆರಳು ತೋರಿಸಿದರು. ಚಪ್ಪಟೆಯಾಗಿ ಒಣಗಿದ ಸಿಪ್ಪೆ ಮಣ್ಣಿಗೆ ಅಂಟಿತ್ತು. ಸಾಹೇಬರು ಎದ್ದು ಹೋಗಿ ಅದನ್ನು ನೋಡುತ್ತ ನಿಂತರು.

"ನಮ್ಮ ಅಬ್ಬಾ ಗದಗಿನ್ಯಾಗ ಟಾಂಗಾ ಹೊಡೀತಿದ್ರು" ಎಂದರು. ಅವರು ಮನೆಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಖಂಡೇನವಮಿ ದಿನ ಕುದರಿ ತೊಳದು, ಟಾಂಗಾಕ್ಕ ಹೂ ಕಟ್ಟಿ, ನಿಂಬಿಹಣ್ಣಿನ ಮ್ಯಾಲೆ ಗಾಲಿ ಉರುಳಿಸೇ ಬಾಡಿಗಿಗೆ ಹೋಗ್ತಿದ್ರು. ಒಂದು ವರ್ಷ ಕಾಲು ಮುರದು ಹಾಸಿಗಿ ಹಿಡದಿದ್ರು. ಟಾಂಗಾ ಹೊರಗ ನಿಂತಿತ್ತು. ಆದ್ರೂ ಹಬ್ಬದ ದಿನ ಅಮ್ಮೀನ ಕಳಿಸಿ ಗಾಲಿ ಉರುಳಿಸಿದ್ರು."

ಆಮೇಲೆ ನನ್ನ ಕಡೆ ತಿರುಗಿದರು. "ಏನಪಾ, ನಾವು ಈ ಸೀಮಿಯೊಳಗ ನಿಂತ ಗಾಡಿಗೆ ವಿಮಾ ಮಾರತೀವಿ. ನಿಂತ ಗಾಡೀನ ಇಲ್ಲಿ ಮಂದಿ ವರ್ಷಕ್ಕೊಮ್ಮೆ ಉರುಳಿಸತಾರ ಅಂತ ನಮಗ ಗೊತ್ತಿಲ್ಲೇನು? ಗೊತ್ತೈತಿ. ಗೊತ್ತಿದ್ದೂ ಅವರಿಗೆ ಬಾಯಿ ಬಿಟ್ಟು ಹೇಳಿಲ್ಲ, ಹೆಂಗ ಉರುಳಿಸಬೇಕಂತ ತೋರಿಸಿಲ್ಲ. ಗಾಡಿ ಓಡಿಸಿ ಬಾಡಿಗಿ ಹೊಡದಿದ್ರ ಮಾತು ಬ್ಯಾರೆ. ಇದು ಗಾಡಿ ಇಟ್ಕೊಳ್ಳೋ ಪದ್ಧತಿ. ಇದರ ಹೊಣಿ ಕಂಪನಿ ಹೊರಬೇಕು. ನಾ ಬರೀತೀನಿ, ಬೇಕಾದ್ರ ಮುಂಬಯಿಗೆ ಹೋಗಿ ಹೇಳತೀನಿ."

ಹುಲಿಗೆವ್ವಳಿಗೆ ಮೊದಲು ಅರ್ಥವಾಗಲಿಲ್ಲ. ನೀಲಮ್ಮ ಅವಳ ಕೈ ಹಿಡಿದು ಎಬ್ಬಿಸಿ, "ಆಕ್ಕೈತಂತವ್ವಾ, ಕಾಲು ಉಳೀತೈತಂತ" ಎಂದರು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಇದನ್ನು ಬರೆಯುವಾಗ ನನಗೆ ಈಗಲೂ ಕಣ್ಣು ತುಂಬುತ್ತದೆ.

ಸ್ಟೇಷನ್ನಿಗೆ ಮರಳುವಾಗ ಟಾಂಗಾದಲ್ಲಿ ಸಾಹೇಬರು ನನ್ನನ್ನು ಕೇಳಿದರು, "ಕಲ್ಲುಗಳನ್ನ ನೋಡಿದೇನು?"

"ಇಲ್ರಿ."

"ಬೇವಿನ ಗಿಡದ ಬುಡಕ್ಕ ಒಂದರ ಮ್ಯಾಲೊಂದು ಛಲೋ ಹೊಂದಿಸಿ ಇಟ್ಟಾರ. ಜಾರಿದ ಕಲ್ಲು ಹಂಗ ಸಾಲಿ ಹುಡುಗರಾಂಗ ಸಾಲಾಗಿ ಹೋಗಿ ಕುಂದರತಾವೇನು? ಆ ಅಕ್ಕ ಸುಳ್ಳು ಹೇಳಿದ್ರ ನನಗ ಏನೂ ಮಾಡಾಕ ಬರತಿದ್ದಿಲ್ಲ. ಖರೇ ಹೇಳಿ ನನ್ನ ಕೈ ಬಿಚ್ಚಿದಳು." ಹೇಳಿ ಜೋರಾಗಿ ನಕ್ಕರು. ಅಷ್ಟು ದಿನ ನಾನು ಹೆದರುತ್ತಲೇ ಇದ್ದ ಆ ಮನುಷ್ಯರ ಮೇಲೆ ನನಗೆ ಆ ದಾರಿಯಲ್ಲಿ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚು ಪಾಲು ಅವರು ಹಾಕಿದ ಭಿಕ್ಷೆ.

ಮುಂಬಯಿಯವರು ಬೇಗ ಒಪ್ಪಲಿಲ್ಲ. ಕಾಗದ ಹೋದವು, ಬಂದವು. ಅಷ್ಟು ದಿನವೂ ನೀಲಮ್ಮ ಗದಗಿಗೆ ಹೋಗಿ ಬಂದು ಮಾಡುತ್ತ, ಈರಪ್ಪನಿಗೆ ರೊಟ್ಟಿಯ ಗಂಟು ಒಯ್ಯುತ್ತಿದ್ದರು. ನಡುವೆ ಅವರ ಧೈರ್ಯ ಕುಂದಿತ್ತು, ಬಸ್ಸು ನೋಡಲು ಕೊಳ್ಳುವವನೊಬ್ಬನನ್ನು ಬರ ಹೇಳಿದ್ದರು. ಅವನು ಬಂದು ಹೋದ ಮೇಲೆ, ವ್ಯವಹಾರ ಮುಗಿಯುವ ಮೊದಲೇ ಹುಬ್ಬಳ್ಳಿಯಿಂದ ಸುದ್ದಿ ಬಂತು. ಸಾಹೇಬರು ನಿಜವಾಗಿಯೂ ಮುಂಬಯಿಗೆ ಹೋಗಿದ್ದರು. ಕಂಪನಿ ಹೊಣೆ ಒಪ್ಪಿತು.

ಅಲ್ಲಿಂದ ನಮ್ಮ ಕೆಲಸದ ರೀತಿಯೂ ಬದಲಾಯಿತು. ಸಾಹೇಬರು ಎಲ್ಲ ಏಜಂಟರಿಗೂ ಹೇಳಿದರು: ಖಂಡೇನವಮಿಯ ದಿನ ಯಾರೂ ಮನೆಯಲ್ಲಿ ಕೂರಬಾರದು. ಹಬ್ಬಕ್ಕೆ ಮೊದಲೇ ನಿಂತ ಗಾಡಿ ಇರುವ ಮನೆಗಳಿಗೆ ಹೋಗಬೇಕು. ಬ್ರೇಕು ನೋಡಿಸಬೇಕು, ಗಾಲಿಗೆ ಒಡ್ಡಲು ಮರದ ತುಂಡು ಇಡಿಸಬೇಕು, ತಳ್ಳುವ ಮೊದಲು ಹಿಂದೆ ಮುಂದೆ ಯಾರಿದ್ದಾರೆ ನೋಡಲು ಒಬ್ಬನನ್ನು ನಿಲ್ಲಿಸಬೇಕು. ಹಬ್ಬಗಳಲ್ಲಿ ನಾನು ಮನೆಯ ಹೋಳಿಗೆ ಬಿಸಿಯಾಗಿ ಉಂಡದ್ದು ನೆನಪಿಲ್ಲ. ಹೆಂಡತಿ ಬೈದಳು. ಆದರೆ ಮಂದಿಯ ಮನೆಗಳಲ್ಲಿ ಉಂಡ ಹೋಳಿಗೆಗೆ ಲೆಕ್ಕವಿಲ್ಲ. ನನ್ನ ಮೊಮ್ಮಗಳೇ, ಇಷ್ಟೇ ನಾನು ನಿನಗೆ ಹೇಳುವುದು. ಗಾಡಿ ನಿಂತಿದ್ದರೂ ಅದನ್ನು ಇಟ್ಟುಕೊಂಡವರು ನಿಂತಿರುವುದಿಲ್ಲ. ಅವರಿಗೆ ಆಸೆ ಇರುತ್ತದೆ, ಹಬ್ಬ ಇರುತ್ತದೆ, ಗೋಡೆಯ ಆಚೆ ಉಣ್ಣುತ್ತ ಕೂತವನೊಬ್ಬ ಇರುತ್ತಾನೆ. ಅವನಿಗಾಗಿ ಈ ಕಾಯಿದೆ.

ಮರುವರ್ಷ ಖಂಡೇನವಮಿಗೆ ನಾನು ಮೊದಲು ಹೋದದ್ದು ಕುಕನೂರಿಗೆ. ಖಾದರ್ ಸಾಹೇಬರಿಗೆ ಬರಲಾಗಲಿಲ್ಲ. ಹುಬ್ಬಳ್ಳಿ ಪೇಟೆಯಿಂದ ನಿಂಬೆಹಣ್ಣುಗಳ ಒಂದು ಗಂಟು ಕಳಿಸಿದ್ದರು, ನೀಲಮ್ಮನವರಿಗೆ ಕೊಡು ಎಂದು. ಗೋಡೆ ಹೊಸದಾಗಿ ಎದ್ದಿತ್ತು. ಬಸ್ಸಿನ ಬ್ರೇಕು ಸರಿಯಾಗಿತ್ತು. ಪೂಜೆಯಾಯಿತು, ನೀಲಮ್ಮ ಸಾಹೇಬರ ನಿಂಬೆಹಣ್ಣುಗಳನ್ನೇ ಗಾಲಿಗಳ ಕೆಳಗೆ ಇಡಿಸಿದರು. ಗಂಡಾಳುಗಳು ಬಸ್ಸಿಗೆ ಕೈ ಹಚ್ಚಿದರು.

ಆದರೆ ತಳ್ಳಿ ಎಂದು ಹೇಳಲು ನೀಲಮ್ಮನವರಿಗೆ ಬಾಯಿ ಬರಲಿಲ್ಲ. ಗೋಡೆಯನ್ನೇ ನೋಡುತ್ತ ನಿಂತುಬಿಟ್ಟರು. ಚನ್ನಬಸಪ್ಪ, "ಅತ್ತಿಗಿ, ಹೊತ್ತಾತು" ಎಂದ. ಎಲ್ಲರೂ ಬಸ್ಸಿಗೆ ಕೈ ಹಚ್ಚಿಕೊಂಡು ನೀಲಮ್ಮನವರ ಮಾತಿಗೆ ಕಾಯುತ್ತಿದ್ದರು.

ಆಗ ಬೇವಿನ ಮರದ ಕೆಳಗೆ ಕೂತಿದ್ದ ಈರಪ್ಪ ಎದ್ದ. ಕೋಲು ಊರಿಕೊಂಡು, ಬಲಗಾಲನ್ನು ಸ್ವಲ್ಪ ಎಳೆಯುತ್ತ ಹಿತ್ತಲಿನ ಬಾಗಿಲು ದಾಟಿ ಹೊರಗೆ ಹೋದ. ಗೋಡೆಯ ಆಚೆ ಅವನ ಹೆಜ್ಜೆಯ ಸದ್ದು ಈ ಕೊನೆಯಿಂದ ಆ ಕೊನೆಯವರೆಗೆ ಕೇಳಿಸಿತು. ಮತ್ತೆ ಒಳಗೆ ಬಂದು, ಮರದ ತುಂಡನ್ನು ಕೈಯಲ್ಲಿ ಹಿಡಿದು ಹಿಂದಿನ ಗಾಲಿಯ ಬದಿಗೆ ನಿಂತ.

"ಗ್ವಾಡಿ ಹಿಂದ ಯಾರೂ ಇಲ್ರಿ ಯವ್ವಾ" ಎಂದ. "ನಾ ಇಲ್ಲೇ ಅದೀನಿ. ತಳ್ಳಸ್ರಿ."